ಮನೆಗೆ ತರಕಾರಿ ಸ್ಲೈಸರ್: ಹದಿನಾರು ಬ್ಲೇಡಿನ ಸೆಟ್ ಬೇಕಾ, ಒಂದೇ ಗಟ್ಟಿ ಬ್ಲೇಡು ಸಾಕಾ?

ಹೇಮಾವತಿ_ದಂಡೆ (ಹಾಸನ)

ಮನೆಬಳಕೆಗೆ ಒಂದು ಸ್ಲೈಸರ್ ತಗೋಬೇಕು, ತಿಳಿದವರು ಹೇಳಿ. ಮನೆಯಲ್ಲಿ ಐದು ಜನ. ಆಲೂಗೆಡ್ಡೆ ಚಿಪ್ಸ್, ಬೇಸಿಗೆಯಲ್ಲಿ ಬಿಸಿಲಿಗೆ ಒಣಗಿಸೋ ಚಿಪ್ಸ್ ನಾಲ್ಕೈದು ಕೆಜಿ, ಎಲೆಕೋಸಿನ ಪಲ್ಯ, ಕೋಸಂಬರಿಗೆ ಸೌತೆಕಾಯಿ ಮತ್ತು ಕ್ಯಾರೆಟ್, ಆಗಾಗ ನೇಂದ್ರ ಬಾಳೆಕಾಯಿ. ಇಷ್ಟಕ್ಕೆ ಬೇಕು. 1500 ರೂಪಾಯಿ ದಾಟಬಾರದು.

ಅಂಗಡಿಯಲ್ಲಿ ಮೂರು ಥರ ತೋರಿಸುತ್ತಾರೆ. ಡಬ್ಬದ ಮೇಲೆ ಕೂರಿಸೋ ಹದಿನಾರು ಬ್ಲೇಡಿನ ಪ್ಲಾಸ್ಟಿಕ್ ಸೆಟ್, ವಿ ಆಕಾರದ ಬ್ಲೇಡಿನದು, ಓರೆಯಾಗಿ ಒಂದೇ ಬ್ಲೇಡು ಇರೋ ಉದ್ದ ಹಲಗೆಯದು. ಯಾವುದು ಬಾಳಿಕೆ ಬರುತ್ತೆ? ಬ್ಲೇಡಿಗೆ ಅಯಸ್ಕಾಂತ ಅಂಟಿದರೆ ಅದು ಕಳಪೆ ಸ್ಟೀಲು ಅನ್ನೋದು ನಿಜವಾ?

ಸಾಣೆಕಲ್ಲು (ಚಿಕ್ಕಮಗಳೂರು)

ಮೊದಲು ಅಯಸ್ಕಾಂತದ ವಿಷಯ. ಪಾತ್ರೆಗೆ ಹೇಳೋ ಮಾತನ್ನು ಬ್ಲೇಡಿಗೆ ಹೇಳಿದರೆ ಉಲ್ಟಾ ಆಗುತ್ತೆ. ತಟ್ಟೆ ಲೋಟಕ್ಕೆ ಬಳಸೋ 304 ಸ್ಟೀಲಿಗೆ ಅಯಸ್ಕಾಂತ ಅಂಟಲ್ಲ, ತುಕ್ಕೂ ಹಿಡಿಯಲ್ಲ. ಆದರೆ ಅದನ್ನು ಕಾಯಿಸಿ ಅದ್ದಿ ಗಟ್ಟಿ ಮಾಡೋಕೆ ಬರಲ್ಲ, ಹಾಗಾಗಿ ಹರಿತ ನಿಲ್ಲಲ್ಲ. ಬ್ಲೇಡಿಗೆ ಬೇಕಾದ್ದು 420 ಥರದ ಸ್ಟೀಲು. ಇದರಲ್ಲಿ ಕ್ರೋಮಿಯಂ ಸುಮಾರು ಶೇಕಡಾ 13, ಜೊತೆಗೆ ಗಟ್ಟಿಯಾಗೋಕೆ ಬೇಕಾದಷ್ಟು ಕಾರ್ಬನ್ ಇರುತ್ತೆ. ಇದಕ್ಕೆ ಅಯಸ್ಕಾಂತ ಅಂಟೇ ಅಂಟುತ್ತೆ. ಅಂಟದೇ ಹೋದರೆ ಅನುಮಾನ ಪಡಿ. ಹಾಗಂತ ಅಂಟಿದ್ದೆಲ್ಲ ಒಳ್ಳೇದೂ ಅಲ್ಲ, ಮಾಮೂಲಿ ಕಬ್ಬಿಣದ ತಗಡಿಗೂ ಅಂಟುತ್ತೆ.

ಹೈ ಕಾರ್ಬನ್ ಬ್ಲೇಡು ಇನ್ನೂ ಹರಿತ, ಸಾಣೆ ಹಿಡಿಯೋದೂ ಸುಲಭ. ಆದರೆ ಮಲೆನಾಡಿನ ಮಳೆಗಾಲದಲ್ಲಿ ಒಂದೇ ರಾತ್ರಿಗೆ ತುಕ್ಕಿನ ಚುಕ್ಕೆ ಬರುತ್ತೆ. ಬಾಳೆಕಾಯಿ, ಬಾಳೆದಿಂಡು ಹೆಚ್ಚಿದರೆ ಅದರ ಒಗರು ಕಬ್ಬಿಣದ ಜೊತೆ ಸೇರಿ ಬಿಲ್ಲೆಯೂ ಕಪ್ಪು, ಬ್ಲೇಡೂ ಕಪ್ಪು. ಸೆರಾಮಿಕ್ ಬ್ಲೇಡಿಗೆ ಈ ಎರಡೂ ತೊಂದರೆ ಇಲ್ಲ, ಆದರೆ ಕೆಳಗೆ ಬಿದ್ದರೆ ಅಂಚು ಚೂರಾಗುತ್ತೆ, ಮಾಮೂಲಿ ಕಲ್ಲಿನಲ್ಲಿ ಸಾಣೆ ಹಿಡಿಯೋಕೆ ಆಗಲ್ಲ, ವಜ್ರದ ಪುಡಿ ಕೂರಿಸಿದ ಕಲ್ಲೇ ಬೇಕು.

ಹದಿನಾರು ಬ್ಲೇಡಿನ ಸೆಟ್ ಬೇಡ. ಅದರಲ್ಲಿ ನೀವು ಬಳಸೋದು ಎರಡೋ ಮೂರೋ. ಪ್ರತಿ ಬ್ಲೇಡೂ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಅಚ್ಚಾಗಿ ಕೂತಿರುತ್ತೆ, ಮೊಂಡಾದ ದಿನ ಅದನ್ನು ಬಿಚ್ಚೋಕೂ ಆಗಲ್ಲ, ಸಾಣೆಗೂ ಸಿಗಲ್ಲ.

ಏಲಕ್ಕಿಮಲೆ (ಮೂಡಿಗೆರೆ)

ಹೇಮಾವತಿ ಅವರೇ, ನೀವು ಬರೆದ ಕೆಲಸಕ್ಕೆ ವಿ ಬ್ಲೇಡೋ ಓರೆ ಬ್ಲೇಡೋ ಅನ್ನೋದಷ್ಟೇ ಪ್ರಶ್ನೆ.

ವಿ ಆಕಾರದಲ್ಲಿ ಎರಡು ಅಂಚು ಎರಡೂ ಕಡೆಯಿಂದ ತರಕಾರಿಯೊಳಗೆ ಇಳಿಯುತ್ತವೆ. ಟೊಮೆಟೊ, ಮಾಗಿದ ಸೌತೆ, ಈರುಳ್ಳಿ ಇಂಥ ಸಿಪ್ಪೆ ಜಾರೋ ತರಕಾರಿಗೆ ಇದೇ ಸರಿ, ತಳ್ಳೋಕೆ ಬಲ ಕಡಿಮೆ ಸಾಕು. ಆದರೆ ವಿ ಮೂಲೆಯಲ್ಲಿ ಚೂರು ಸಿಕ್ಕಿಕೊಳ್ಳುತ್ತೆ, ಅಲ್ಲಿಂದಲೇ ಮೊಂಡಾಗೋದು ಶುರು. ಮನೆಯಲ್ಲಿ ಸಾಣೆ ಹಿಡಿಯೋದಂತೂ ಕಷ್ಟ. ದಪ್ಪ ಬದಲಿಸೋಕೆ ಹೆಚ್ಚಿನವುಗಳಲ್ಲಿ ಎರಡು ಮೂರು ಮೆಟ್ಟಿಲು ಮಾತ್ರ ಇರುತ್ತೆ.

ಓರೆ ಬ್ಲೇಡಿನದು ಜಪಾನಿನ ಮಾದರಿ. ಹಿಂದುಗಡೆ ತಿರುಪು ಇರುತ್ತೆ, ತಿರುಗಿಸಿದಷ್ಟೂ ಹಲಗೆ ಮೇಲೆ ಕೆಳಗೆ ಹೋಗುತ್ತೆ, ನಿಮಗೆ ಬೇಕಾದ ದಪ್ಪಕ್ಕೆ ನಿಲ್ಲಿಸಬಹುದು. ಬ್ಲೇಡು ಸ್ಕ್ರೂ ಹಾಕಿ ಕೂರಿಸಿರುತ್ತಾರೆ, ಬಿಚ್ಚಿ ಸಾಣೆ ಹಿಡೀಬಹುದು. ಎಲೆಕೋಸು, ಆಲೂಗೆಡ್ಡೆ, ಬಾಳೆಕಾಯಿ ಮೂರೂ ನಿಮ್ಮ ಪಟ್ಟಿಯಲ್ಲಿ ಇರೋದರಿಂದ ಇದಕ್ಕೇ ಹೋಗಿ ಅಂತೀನಿ. ಅಗಲ ನೋಡಿ ತಗೊಳ್ಳಿ. ಸಣ್ಣವು ಸುಮಾರು 64 ಮಿ.ಮೀ. ಅಗಲ ಬರುತ್ತವೆ, ಕ್ಯಾರೆಟ್ ಸೌತೆಗೆ ಸಾಕು. ನಮ್ಮ ಕಡೆ ಸಿಗೋ ದಪ್ಪ ಆಲೂಗೆಡ್ಡೆ ಅಡ್ಡಡ್ಡ ಇಟ್ಟರೆ ಅದರಲ್ಲಿ ಹಿಡಿಸಲ್ಲ, ಕಾಲು ಭಾಗ ಮಾಡಿದ ಎಲೆಕೋಸೂ ಹಿಡಿಸಲ್ಲ. 90 ಮಿ.ಮೀ. ಹತ್ತಿರ ಇದ್ದರೆ ಒಳ್ಳೇದು.

ಇನ್ನೊಂದು ಮಾತು, ಎಲೆಕೋಸಿನ ದಿಂಡನ್ನು ಮೊದಲೇ ತೆಗೀಬೇಡಿ. ನಾಲ್ಕು ಭಾಗ ಮಾಡಿ, ದಿಂಡು ಹಾಗೇ ಬಿಟ್ಟು ಹೆಚ್ಚಿ. ಎಲೆಗಳನ್ನು ಹಿಡಿದಿಡೋದು ಅದೇ. ಕೊನೆಗೆ ಕೈಯಲ್ಲಿ ಉಳಿದ ದಿಂಡನ್ನು ಹುಳಿಗೆ ಹಾಕಿ.

ಬಿಸಿಲೆ_ಘಟ್ಟ (ಸಕಲೇಶಪುರ)

ಈ ಚರ್ಚೆಯಲ್ಲಿ ಈಳಿಗೆಮಣೆ ಹೆಸರೇ ಬರಲಿಲ್ಲವಲ್ಲ! ಐದು ಜನರ ಪಲ್ಯಕ್ಕೆ ಎಲೆಕೋಸು ಹೆಚ್ಚೋಕೆ ಸ್ಲೈಸರ್ ತೆಗೆದು, ಹೊಂದಿಸಿ, ತೊಳೆದು ಇಡೋ ಹೊತ್ತಿಗೆ ಈಳಿಗೆಯಲ್ಲಿ ಪಲ್ಯ ಒಲೆ ಮೇಲಿರುತ್ತೆ. ಹುರುಳಿಕಾಯಿ, ಸೊಪ್ಪು, ಬಾಳೆದಿಂಡು, ಹಲಸಿನ ಗುಜ್ಜೆ ಇವು ಯಾವ ಸ್ಲೈಸರಿಗೂ ಒಗ್ಗಲ್ಲ. ಹಲಸಿನ ಕಾಯಿ ಚಿಪ್ಸೂ ಅಷ್ಟೇ, ತೊಳೆಯನ್ನು ಉದ್ದಕ್ಕೆ ಸೀಳಬೇಕು, ಅದು ಚಾಕು ಅಥವಾ ಈಳಿಗೆ ಕೆಲಸ. ಅದರ ಅಂಟು ಪ್ಲಾಸ್ಟಿಕ್ ಹಲಗೆ ಮೇಲೆ ಕೂತರೆ ಬಿಡಿಸೋಕೆ ಸಾಕುಸಾಕಾಗುತ್ತೆ.

ಏಲಕ್ಕಿಮಲೆ (ಮೂಡಿಗೆರೆ)

ಒಪ್ಪಿದೆ ಅಣ್ಣ, ದಿನದ ಪಲ್ಯಕ್ಕೆ ಈಳಿಗೆ. ಆದರೆ ಒಂದೂವರೆ ಮಿ.ಮೀ. ದಪ್ಪದ ಇನ್ನೂರು ಬಿಲ್ಲೆ ಒಂದೇ ಸಮ ಬರಬೇಕು ಅಂದರೆ ಈಳಿಗೆಯಲ್ಲಿ ಕೈ ಎಷ್ಟು ಪಳಗಿದ್ದರೂ ಬರಲ್ಲ. ಚಿಪ್ಸಿಗೆ ಸ್ಲೈಸರ್ ಬೇಕೇ ಬೇಕು. ಜೊತೆಗೆ ಮಂಡಿ ನೋವಿರೋರು ನೆಲದ ಮೇಲೆ ಕೂರೋ ಹಾಗಿಲ್ಲ.

ಹೇಮಾವತಿ_ದಂಡೆ (ಹಾಸನ)

ಹಾಗಾದರೆ ಓರೆ ಬ್ಲೇಡಿನದು, ಸ್ಕ್ರೂ ಇರೋದು, ಅಗಲದ್ದು. ಅಂಗಡಿಯಲ್ಲೇ ಏನೇನು ನೋಡಿಕೊಳ್ಳಲಿ? ಈಗ ಮನೆಯಲ್ಲಿರೋ ಹಳೇದರಲ್ಲಿ ಬಿಲ್ಲೆಯ ಒಂದಂಚು ಸುಟ್ಟು ಇನ್ನೊಂದಂಚು ಮೆತ್ತಗೆ ಉಳಿಯುತ್ತೆ, ಅದು ಯಾಕೆ ಅಂತಲೂ ಹೇಳಿ.

ಸಾಣೆಕಲ್ಲು (ಚಿಕ್ಕಮಗಳೂರು)

ಎರಡಕ್ಕೂ ಒಂದೇ ಉತ್ತರ. ಹಲಗೆ ಬ್ಲೇಡಿಗೆ ಸಮಾನಾಂತರ ಇಲ್ಲ. ಬ್ಲೇಡಿನ ಒಂದು ತುದಿಯಲ್ಲಿ ಒಂದು ಮಿ.ಮೀ. ಸಂದು, ಇನ್ನೊಂದು ತುದಿಯಲ್ಲಿ ಎರಡು. ಬಿಲ್ಲೆ ಬೆಣೆಯಾಕಾರ ಬರುತ್ತೆ, ಎಣ್ಣೆಯಲ್ಲಿ ತೆಳು ಕಡೆ ಮೊದಲು ಕೆಂಪಾಗುತ್ತೆ.

ಅಂಗಡಿಯಲ್ಲಿ ಹೀಗೆ ನೋಡಿ: ತಿರುಪನ್ನು ಪೂರ್ತಿ ಸೊನ್ನೆಗೆ ತನ್ನಿ. ಹಲಗೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಬೆಳಕಿಗೆ ಹಿಡಿದು ಬ್ಲೇಡಿನ ಉದ್ದಕ್ಕೂ ನೋಡಿ. ಬೆಳಕಿನ ಗೆರೆ ಎಲ್ಲೂ ಕಾಣಬಾರದು, ಕಂಡರೂ ಈ ತುದಿಯಿಂದ ಆ ತುದಿಗೆ ಒಂದೇ ಸಮ ಇರಬೇಕು. ಆಮೇಲೆ ಎರಡು ಸುತ್ತು ತಿರುಗಿಸಿ ಮತ್ತೆ ನೋಡಿ. ಹಲಗೆಯನ್ನು ಹೆಬ್ಬೆರಳಿನಿಂದ ನಡುವೆ ಒತ್ತಿ. ಬಳುಕಿದರೆ ಇಟ್ಟು ಬನ್ನಿ. ಕ್ಯಾರೆಟ್ ಒತ್ತಿದಾಗ ಅದು ಇನ್ನೂ ಬಳುಕುತ್ತೆ, ದಪ್ಪ ನಡುನಡುವೆ ಬದಲಾಗುತ್ತೆ.

ಮನೆಗೆ ತಂದ ಮೇಲೆ ಒಂದು ಆಲೂಗೆಡ್ಡೆ ಹೆಚ್ಚಿ, ಹತ್ತು ಬಿಲ್ಲೆ ಒಂದರ ಮೇಲೊಂದು ಜೋಡಿಸಿ ಸ್ಕೇಲಿನಲ್ಲಿ ಅಳೆಯಿರಿ. 15 ಮಿ.ಮೀ. ಬಂದರೆ ಒಂದೊಂದೂ ಒಂದೂವರೆ. ಅಳತೆ ಬಂದ ಜಾಗದಲ್ಲಿ ತಿರುಪಿನ ಮೇಲೆ ಮಾರ್ಕರಿನಿಂದ ಗೆರೆ ಹಾಕಿ. ಸ್ಲೈಸರಿನ ಮೇಲೆ ಅಚ್ಚಾಗಿರೋ 1, 2, 3 ಅಂಕಿಗಳನ್ನು ನಂಬಬೇಡಿ.

ಹಳೇದು ಹಾಗಾಗಿದ್ದಕ್ಕೆ ಹೆಚ್ಚಾಗಿ ಕುದಿಯೋ ನೀರು ಕಾರಣ. ಎಣ್ಣೆ ಜಿಡ್ಡು ಹೋಗಲಿ ಅಂತ ಸುರೀತಾರೆ, ಪ್ಲಾಸ್ಟಿಕ್ ತಿರುಚಿಕೊಳ್ಳುತ್ತೆ. ಕೈಗೆ ಬೆಚ್ಚಗೆ ಅನ್ನಿಸೋ ನೀರು ಸಾಕು.

ಒಗ್ಗರಣೆ_ಸೌಟು (ಅರಸೀಕೆರೆ)

ದಪ್ಪದ ಲೆಕ್ಕ ನಾನು ಬರೀತೀನಿ. ತಕ್ಷಣ ಕರಿಯೋ ಆಲೂಗೆಡ್ಡೆ ಚಿಪ್ಸ್ ಒಂದರಿಂದ ಒಂದೂವರೆ ಮಿ.ಮೀ. ಬಾಳೆಕಾಯಿ ಒಂದೂವರೆಯಿಂದ ಎರಡು. ಬಿಸಿಲಿಗೆ ಒಣಗಿಸೋದು ಎರಡು, ಅದಕ್ಕಿಂತ ತೆಳುವಾದರೆ ಬಟ್ಟೆಗೆ ಅಂಟಿ ಎಬ್ಬಿಸುವಾಗ ಹರಿದು ಹೋಗುತ್ತೆ. ಸೌತೆ ಬಿಲ್ಲೆ ಎರಡರಿಂದ ಮೂರು. ಈರುಳ್ಳಿ ಪಕೋಡಕ್ಕೆ ಎರಡು.

ಒಣಗಿಸೋದರಲ್ಲಿ ಎಡವೋದು ಬೇಯಿಸೋ ಹಂತದಲ್ಲಿ. ಬಿಲ್ಲೆಗಳನ್ನು ನೀರು ತಿಳಿಯಾಗೋ ತನಕ ಮೂರು ನಾಲ್ಕು ಸಲ ತೊಳೆಯಿರಿ, ಗಂಜಿ ಹೋಗಬೇಕು. ಉಪ್ಪು ಹಾಕಿದ ನೀರು ಚೆನ್ನಾಗಿ ಕುದಿಯುವಾಗ ಒಂದೊಂದು ಬೊಗಸೆ ಹಾಕಿ, ಎರಡು ಮೂರು ನಿಮಿಷ. ಬಿಲ್ಲೆ ಅರೆಪಾರದರ್ಶಕ ಆಗಬೇಕು, ಬಾಗಿಸಿದರೆ ಬಾಗಬೇಕು, ಮುರೀಬಾರದು. ತಕ್ಷಣ ಬಸಿದು ಹತ್ತಿ ಬಟ್ಟೆ ಮೇಲೆ ಒಂದಕ್ಕೊಂದು ತಾಗದ ಹಾಗೆ ಹರಡಿ. ಸಂಜೆ ತಿರುವಿ ಹಾಕಿ. ಕೈಯಲ್ಲಿ ಮುರಿದರೆ ಟಕ್ ಅನ್ನೋ ತನಕ ಒಣಗಬೇಕು, ಇಲ್ಲದಿದ್ದರೆ ಡಬ್ಬದಲ್ಲಿ ಬೂಷ್ಟು. ತಿಪಟೂರು ಅರಸೀಕೆರೆ ಕಡೆ ಬಿಸಿಲಿಗೆ ಬೇಗ ಆಗುತ್ತೆ, ಮೂಡಿಗೆರೆಯವರು ಮಾರ್ಚ್ ದಾಟಿಸಬೇಡಿ.

ಹೇಮಾವತಿ_ದಂಡೆ (ಹಾಸನ)

ಇನ್ನೊಂದು. ದಪ್ಪ ಸರಿಯಿದ್ದರೂ ಕೆಲವು ಸಲ ಚಿಪ್ಸ್ ಪೂರ್ತಿ ಕಂದು ಬಣ್ಣಕ್ಕೆ ತಿರುಗಿ ಕಹಿ ಆಗುತ್ತೆ. ಎಣ್ಣೆ ಬದಲಿಸಿದರೂ ಹಾಗೇ. ಬ್ಲೇಡಿನ ತೊಂದರೆಯಾ?

ಗದ್ದೆಬದು (ಹಾಸನ)

ಅದು ಬ್ಲೇಡಿನ ತಪ್ಪಲ್ಲ, ಗೆಡ್ಡೆಯದು. ಆಲೂಗೆಡ್ಡೆಯನ್ನು ತಣ್ಣಗಿನ ಜಾಗದಲ್ಲಿ ಇಟ್ಟರೆ, 8 ಡಿಗ್ರಿಗಿಂತ ಕೆಳಗೆ ಅಂತ ಇಟ್ಟುಕೊಳ್ಳಿ, ಅದರ ಪಿಷ್ಟ ಸ್ವಲ್ಪಸ್ವಲ್ಪವೇ ಸಕ್ಕರೆಯಾಗುತ್ತೆ. ಬಿಸಿ ಎಣ್ಣೆಗೆ ಬಿದ್ದಾಗ ಆ ಸಕ್ಕರೆ ಕಂದಾಗುತ್ತೆ. ಕೋಲ್ಡ್ ಸ್ಟೋರೇಜಿನಿಂದ ಬಂದ ಗೆಡ್ಡೆ, ಮನೆಯ ಫ್ರಿಜ್ಜಿನಲ್ಲಿಟ್ಟ ಗೆಡ್ಡೆ ಎರಡಕ್ಕೂ ಇದೇ ಕಥೆ. ಪೂರ್ತಿ ಬಲಿಯದ ಎಳೆ ಗೆಡ್ಡೆಯಲ್ಲೂ ಸಕ್ಕರೆ ಜಾಸ್ತಿ.

ಹಾಸನ ಜಿಲ್ಲೆಯಲ್ಲಿ ಮುಂಗಾರಿನ ಬೆಳೆ, ಮೇ ಜೂನಿನಲ್ಲಿ ಬಿತ್ತಿ ಆಗಸ್ಟ್ ಸೆಪ್ಟೆಂಬರಿನಲ್ಲಿ ಕೀಳೋದು. ಬಿತ್ತನೆ ಗೆಡ್ಡೆ ಪಂಜಾಬಿನ ಜಲಂಧರ್ ಕಡೆಯಿಂದ ಬರುತ್ತೆ, ಹೆಚ್ಚಾಗಿ ಕುಫ್ರಿ ಜ್ಯೋತಿ ತಳಿ. ಪಲ್ಯ ಸಾರಿಗೆ ಅದು ಚೆನ್ನ, ಚಿಪ್ಸಿಗೆ ಹೇಳಿ ಮಾಡಿಸಿದ್ದಲ್ಲ. ಚಿಪ್ಸಿಗೆಂದೇ ತಂದ ತಳಿಗಳು ಕುಫ್ರಿ ಚಿಪ್ಸೋನಾ-1, 2, 3. ಇವುಗಳಲ್ಲಿ ಸಕ್ಕರೆ ಕಡಿಮೆ, ಒಣ ಪದಾರ್ಥ ಜಾಸ್ತಿ, ಎಣ್ಣೆಯನ್ನೂ ಕಡಿಮೆ ಕುಡಿಯುತ್ತವೆ.

ಸಿಕ್ಕ ಗೆಡ್ಡೆಯಲ್ಲೇ ಮಾಡಬೇಕು ಅಂದರೆ: ಅರ್ಧ ಕೆಜಿ ತಂದು ಎರಡು ಬಿಲ್ಲೆ ಕರಿದು ನೋಡಿ, ಬಣ್ಣ ಬಂದರೆ ಉಳಿದದ್ದು ತನ್ನಿ. ತಣ್ಣಗಿದ್ದ ಗೆಡ್ಡೆಯನ್ನು ಗೋಣಿಚೀಲದಲ್ಲಿ ಕತ್ತಲಲ್ಲಿ, ಮನೆಯ ಮಾಮೂಲಿ ಉಷ್ಣತೆಯಲ್ಲಿ ಎರಡು ಮೂರು ವಾರ ಇಟ್ಟರೆ ಸಕ್ಕರೆ ಕೊಂಚ ಇಳಿಯುತ್ತೆ. ಅಷ್ಟು ಪುರುಸೊತ್ತಿಲ್ಲದಿದ್ದರೆ ಬಿಲ್ಲೆಗಳನ್ನು ಕುದಿಯೋಕೆ ಮುಂಚಿನ ಬಿಸಿ ನೀರಿನಲ್ಲಿ ಎರಡು ಮೂರು ನಿಮಿಷ ಬಿಟ್ಟು ಬಸಿಯಿರಿ, ಸಕ್ಕರೆ ನೀರಿಗೆ ಹೋಗುತ್ತೆ. ಆಮೇಲೆ ಬಟ್ಟೆಯಲ್ಲಿ ನೀರು ಒರೆಸದೆ ಎಣ್ಣೆಗೆ ಹಾಕಬೇಡಿ, ಉಕ್ಕುತ್ತೆ.

ಒಗ್ಗರಣೆ_ಸೌಟು (ಅರಸೀಕೆರೆ)

ಗದ್ದೆಬದು ಅವರಿಗೆ ನಮಸ್ಕಾರ. ಇದು ಗೊತ್ತಿಲ್ಲದೆ ಎಷ್ಟೋ ಜನ ಸ್ಲೈಸರ್ ಬದಲಾಯಿಸುತ್ತಾ ಕೂತಿದ್ದಾರೆ.

ಏಲಕ್ಕಿಮಲೆ (ಮೂಡಿಗೆರೆ)

ಬಾಳೆಕಾಯಿ ವಿಷಯ ಬಾಕಿ ಉಳಿಯಿತು. ಸಿಪ್ಪೆ ತೆಗೆಯೋ ಮುಂಚೆ ಕೈಗೂ ಬ್ಲೇಡಿಗೂ ಹಲಗೆಗೂ ಕೊಬ್ಬರಿ ಎಣ್ಣೆ ಸವರಿ, ಸೊನೆ ಅಂಟಲ್ಲ. ಸಿಪ್ಪೆ ತೆಗೆದ ಕಾಯನ್ನು ಅರಿಸಿನ ಬೆರೆಸಿದ ತೆಳು ಮಜ್ಜಿಗೆಯಲ್ಲಿ ಮುಳುಗಿಸಿಡಿ, ಗಾಳಿ ತಾಗಿದರೆ ಕಪ್ಪಾಗುತ್ತೆ. ಹೆಚ್ಚೋ ಮುಂಚೆ ಚೆನ್ನಾಗಿ ಒರೆಸಿ.

ಬಾಣಲೆ ಮೇಲೆ ಹಿಡಿದು ನೇರವಾಗಿ ಎಣ್ಣೆಗೆ ಹೆಚ್ಚೋದನ್ನು ಕೇರಳದ ಚಿಪ್ಸ್ ಅಂಗಡಿಗಳಲ್ಲಿ ನೋಡಿರ್ತೀರಿ. ಪ್ಲಾಸ್ಟಿಕ್ ಸ್ಲೈಸರಿನಲ್ಲಿ ಅದನ್ನು ಮಾಡಬೇಡಿ. ಎಣ್ಣೆ 170, 180 ಡಿಗ್ರಿ ಇರುತ್ತೆ. ಸ್ಲೈಸರಿಗೆ ಬಳಸೋ ಎಬಿಎಸ್ ಪ್ಲಾಸ್ಟಿಕ್ ನೂರು ಡಿಗ್ರಿ ದಾಟುತ್ತಲೇ ಮೆತ್ತಗಾಗುತ್ತೆ, ಪಾಲಿಪ್ರೊಪಿಲೀನ್ 160ರ ಆಸುಪಾಸಿನಲ್ಲಿ ಕರಗುತ್ತೆ. ಕೈ ಜಾರಿ ಅಂಚು ತಾಗಿದರೆ ಮುಗಿಯಿತು. ಮೇಲಾಗಿ ಆವಿ ಹಲಗೆಯ ಅಡಿಯಲ್ಲಿ ನೀರಾಗಿ ಎಣ್ಣೆಗೆ ತೊಟ್ಟಿಕ್ಕಿ ಸಿಡಿಯುತ್ತೆ. ತಟ್ಟೆಗೆ ಹೆಚ್ಚಿ, ಒಂದು ಹಿಡಿ ಆದ ಕೂಡಲೇ ಬಿಡಿಬಿಡಿಯಾಗಿ ಉದುರಿಸಿ. ಉಪ್ಪು ಅರಿಸಿನದ ನೀರನ್ನು ಚಿಪ್ಸಿನ ಸದ್ದು ಇಳಿಯೋಕೆ ಬಂದಾಗ ಒಂದೇ ಒಂದು ಚಮಚ, ದೂರ ನಿಂತು ಹಾಕಿ.

ಸುವರ್ಣಗೆಡ್ಡೆಗೂ ಇದೇ ಸ್ಲೈಸರ್ ಆಗುತ್ತೆ, ಬ್ಲೇಡಿನ ಅಗಲಕ್ಕಿಂತ ಚಿಕ್ಕ ತುಂಡು ಮಾಡಿಕೊಳ್ಳಬೇಕು. ಅದರಲ್ಲಿರೋ ಸೂಜಿಯಂಥ ಆಕ್ಸಲೇಟ್ ಹರಳುಗಳಿಂದ ಕೈ ನವೆ ಬರುತ್ತೆ, ಎಣ್ಣೆ ಸವರಿಕೊಳ್ಳಿ ಅಥವಾ ಗ್ಲೌಸ್ ಹಾಕಿ.

ಶುಶ್ರೂಷೆ (ಚಿಕ್ಕಮಗಳೂರು)

ಬೆರಳಿನ ಬಗ್ಗೆ ಯಾರೂ ಬರೆದಿಲ್ಲ. ಸ್ಲೈಸರಿನ ಗಾಯ ಚಾಕುವಿನ ಗಾಯದ ಹಾಗಲ್ಲ, ಬೆರಳ ತುದಿಯ ಚರ್ಮವೇ ಬಿಲ್ಲೆಯಾಗಿ ಹೋಗುತ್ತೆ, ಹೊಲಿಯೋಕೂ ಏನೂ ಉಳಿಯಲ್ಲ. ಬಹುಪಾಲು ಗಾಯ ಆಗೋದು ಕೊನೆಯ ತುಂಡಿನಲ್ಲಿ, ಇನ್ನೊಂದೆರಡು ಬಿಲ್ಲೆ ಬರಲಿ ಅನ್ನೋ ಆಸೆಗೆ. ತರಕಾರಿ ಎರಡು ಸೆಂ.ಮೀ. ಉಳಿದಾಗ ನಿಲ್ಲಿಸಿ. ಕೈ ಗಾರ್ಡಿನ (ತರಕಾರಿಯನ್ನು ಚುಚ್ಚಿ ಹಿಡಿಯೋ ಹಿಡಿಕೆ) ಮುಳ್ಳುಗಳು ಹೇಗೂ ಒಂದು ಸೆಂ.ಮೀ.ನಷ್ಟು ತಿನ್ನುತ್ತವೆ, ಆ ತುಂಡು ಸಾರಿಗೆ ಹೋಗಲಿ.

ಮೊಂಡು ಬ್ಲೇಡೇ ಹೆಚ್ಚು ಅಪಾಯ. ಬಲ ಹಾಕಿ ತಳ್ಳುವಾಗ ತಡೆದು ತಡೆದು ಒಮ್ಮೆಲೇ ಜಾರುತ್ತೆ. ಗಾರ್ಡು ಚಿಕ್ಕದಾಗಿ ಅನ್ನಿಸಿದರೆ ಕಟ್ ರೆಸಿಸ್ಟೆಂಟ್ ಗ್ಲೌಸ್ ಸಿಗುತ್ತೆ, ಪೊಟ್ಟಣದ ಮೇಲೆ ಇಎನ್ 388 (ರಕ್ಷಣಾ ಗ್ಲೌಸಿನ ಯುರೋಪಿನ ಮಾನದಂಡ) ಅಂತ ಇರೋದು ನೋಡಿ ತಗೊಳ್ಳಿ. ಅದು ಸೀಳೋ ಅಂಚನ್ನು ತಡೆಯುತ್ತೆ, ಚುಚ್ಚೋ ಮೊನೆಯನ್ನು ತಡೆಯಲ್ಲ. ಕೈಗೆ ಬಿಗಿಯಾಗಿರಬೇಕು, ಸಡಿಲ ಇದ್ದರೆ ಬ್ಲೇಡಿಗೆ ಸಿಕ್ಕಿ ಎಳೆಯುತ್ತೆ.

ಕೊಯ್ದುಕೊಂಡರೆ ನಮ್ಮ ಕಡೆ ಕಾಫಿ ಪುಡಿ ಒತ್ತೋ ಅಭ್ಯಾಸ ಇದೆ, ಅರಿಸಿನವೂ ಸರಿ. ಎರಡೂ ಬೇಡ. ನಲ್ಲಿ ನೀರಿನಲ್ಲಿ ತೊಳೆದು, ಶುದ್ಧ ಬಟ್ಟೆಯಿಂದ ಹತ್ತು ಹದಿನೈದು ನಿಮಿಷ ಒಂದೇ ಸಮ ಒತ್ತಿ ಹಿಡಿದು ಕೈ ಎದೆಗಿಂತ ಮೇಲೆ ಎತ್ತಿ. ನಡುವೆ ತೆಗೆದು ತೆಗೆದು ನೋಡಬೇಡಿ. ರಕ್ತ ನಿಲ್ಲದಿದ್ದರೆ, ಉಗುರು ಅಥವಾ ತುದಿ ಹೋಗಿದ್ದರೆ ಆಸ್ಪತ್ರೆ. ತುಂಡಾದ ಭಾಗ ಇದ್ದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ, ಕವರಿಗೆ ಹಾಕಿ, ಆ ಕವರನ್ನು ಮಂಜುಗಡ್ಡೆ ಮೇಲಿಟ್ಟು ಒಯ್ಯಿರಿ, ಮಂಜುಗಡ್ಡೆಗೆ ನೇರ ತಾಗಿಸಬಾರದು. ಟಿಟಿ ಇಂಜೆಕ್ಷನ್ ಯಾವಾಗ ಆಗಿತ್ತು ಅಂತ ಡಾಕ್ಟರಿಗೆ ಹೇಳಿ.

ಬಿಸಿಲೆ_ಘಟ್ಟ (ಸಕಲೇಶಪುರ)

ಹಿಡಿ ತಿರುಗಿಸೋ ಡ್ರಮ್ ಥರದ್ದು ಬಂದಿದೆಯಲ್ಲ, ಅಡಿಯಲ್ಲಿ ರಬ್ಬರ್ ಬಟ್ಟಲು ಇರೋದು. ಅದರಲ್ಲಿ ಬೆರಳು ಬ್ಲೇಡಿನ ಹತ್ತಿರವೇ ಹೋಗಲ್ಲ. ಅದು ಹೇಗೆ?

ಸಾಣೆಕಲ್ಲು (ಚಿಕ್ಕಮಗಳೂರು)

ಕ್ಯಾರೆಟ್ ತುರಿ, ಕೊಬ್ಬರಿ ತುರಿ ಇದಕ್ಕೆ ಪರವಾಗಿಲ್ಲ. ಚಿಪ್ಸಿಗೆ ಆಗಲ್ಲ, ದಪ್ಪ ಬದಲಿಸೋಕೆ ಬರಲ್ಲ, ಬಿಲ್ಲೆ ಡೊಂಕಾಗಿ ಬರುತ್ತೆ. ಮತ್ತೆ ಆ ರಬ್ಬರ್ ಬಟ್ಟಲು ಗಾಳಿ ಎಳೆದು ಕೂರಬೇಕು ಅಂದರೆ ಕಟ್ಟೆ ನುಣುಪಾಗಿರಬೇಕು. ಪಾಲಿಶ್ ಗ್ರಾನೈಟ್ ಮೇಲೆ ಸ್ವಲ್ಪ ನೀರು ಸವರಿದರೆ ಕೂರುತ್ತೆ. ಹಳೇ ಮನೆಗಳ ಕಡಪ ಕಲ್ಲಿನ ಮೇಲೆ ಕೂರಲ್ಲ.

ದಾರ ಎಳೆಯೋ ಚಾಪರನ್ನೂ ಯಾರಾದರೂ ಕೇಳೋ ಮುಂಚೆ ಹೇಳಿಬಿಡ್ತೀನಿ, ಅದು ಸ್ಲೈಸರ್ ಅಲ್ಲ. ಈರುಳ್ಳಿ ಸಣ್ಣಗೆ ಬೇಕಾದರೆ ಸರಿ, ಅರ್ಧಕ್ಕಿಂತ ಹೆಚ್ಚು ತುಂಬಿದರೆ ಅಡಿಯದು ನುರಿದು ನೀರಾಗುತ್ತೆ, ಮೇಲಿನದು ಹಾಗೇ ಉಳಿಯುತ್ತೆ.

ಹೇಮಾವತಿ_ದಂಡೆ (ಹಾಸನ)

ಸಾಣೆ ಮನೆಯಲ್ಲೇ ಹಿಡಿಯೋದು ಹೇಗೆ? ಬೀದಿಯಲ್ಲಿ ಸೈಕಲ್ ಮೇಲೆ ಬರೋರ ಹತ್ತಿರ ಕೊಡಬಹುದಾ?

ಸಾಣೆಕಲ್ಲು (ಚಿಕ್ಕಮಗಳೂರು)

ಚಾಕು, ಕತ್ತರಿ, ಈಳಿಗೆ ಅವರಿಗೆ ಕೊಡಿ. ಸ್ಲೈಸರಿನ ಬ್ಲೇಡು ಬೇಡ. ಒಣ ಚಕ್ರಕ್ಕೆ ಹಿಡಿದರೆ ತೆಳು ಬ್ಲೇಡು ಕ್ಷಣದಲ್ಲಿ ಕಾದು ಅಂಚು ನೀಲಿಗಟ್ಟುತ್ತೆ. ನೀಲಿ ಬಂತು ಅಂದರೆ ಅದರ ಗಟ್ಟಿತನ ಹೋಯಿತು ಅಂತ ಅರ್ಥ. ಜೊತೆಗೆ ಎರಡೂ ಕಡೆ ಉಜ್ಜಿಬಿಡ್ತಾರೆ, ಇದಕ್ಕೆ ಓರೆ ಇರೋದು ಒಂದೇ ಕಡೆ.

ಬ್ಲೇಡು ಬಿಚ್ಚಿ, ಯಾವ ಮುಖ ಮೇಲಿತ್ತು ಅಂತ ಫೋಟೊ ತೆಗೆದಿಟ್ಟುಕೊಳ್ಳಿ. 1000 ಗ್ರಿಟ್ಟಿನ (ಕಲ್ಲಿನ ನುಣುಪಿನ ಅಳತೆ) ನೀರುಕಲ್ಲನ್ನು ನೀರಿನಲ್ಲಿ ನೆನೆಸಿ, ಅಡಿಗೆ ಒದ್ದೆ ಬಟ್ಟೆ ಹಾಕಿ ಜಾರದ ಹಾಗೆ ಇಡಿ. ಓರೆ ಮುಖವನ್ನು ಕಲ್ಲಿಗೆ ಹೊಂದಿಸಿ, ಮೊದಲು ಇದ್ದ ಓರೆಯೇ ನಿಮ್ಮ ಅಳತೆ, ಹೊಸ ಕೋನ ಮಾಡೋಕೆ ಹೋಗಬೇಡಿ. ಓರೆಯ ಮೇಲೆ ಮಾರ್ಕರ್ ಬಳಿದು ನಾಲ್ಕು ಸಲ ಉಜ್ಜಿ ನೋಡಿ: ಮಸಿ ಅಂಚಿನ ತನಕ ಒಂದೇ ಸಮ ಹೋದರೆ ಕೋನ ಸರಿ, ಅಂಚಿನಲ್ಲಿ ಮಸಿ ಉಳಿದರೆ ಬ್ಲೇಡಿನ ಬೆನ್ನು ತುಸು ಎತ್ತಬೇಕು. ಹಿಂದುಗಡೆ ಚಪ್ಪಟೆ ಮುಖದಲ್ಲಿ ಬೆರಳು ಅಡ್ಡ ಸವರಿದಾಗ ಉದ್ದಕ್ಕೂ ಸಣ್ಣ ಅರ (ಉಜ್ಜಿದಾಗ ಅಂಚಿನಲ್ಲಿ ಏಳೋ ಒರಟು ಎಳೆ) ಸಿಗೋ ತನಕ ಉಜ್ಜಿ. ಆಮೇಲೆ ಚಪ್ಪಟೆ ಮುಖವನ್ನು ಕಲ್ಲಿನ ಮೇಲೆ ಪೂರ್ತಿ ಮಲಗಿಸಿ ಎರಡು ಮೂರು ಸಲ ಎಳೆದರೆ ಅರ ಬಿದ್ದುಹೋಗುತ್ತೆ. ಅಷ್ಟೇ. ಹಣ್ಣು ಟೊಮೆಟೊ ಒತ್ತದೆ ಜಾರಿಸಿದಾಗ ಸಿಪ್ಪೆ ಸೀಳಿದರೆ ಸಾಣೆ ಕೂತಿದೆ.

ಕಡ್ಡಿಕಡ್ಡಿಯಾಗಿ ಸೀಳೋ ಹಲ್ಲಿನ ಬ್ಲೇಡಿಗೆ ಸಾಣೆ ಇಲ್ಲ. ಹಲ್ಲು ಬಾಗದ ಹಾಗೆ ನೋಡಿಕೊಳ್ಳಿ, ಗಟ್ಟಿ ಕ್ಯಾರೆಟ್ಟನ್ನು ಮೂರು ಮಿ.ಮೀ.ಗಿಂತ ದಪ್ಪಕ್ಕೆ ಇಟ್ಟು ನುಗ್ಗಿಸಿದರೆ ಬಾಗುತ್ತೆ.

ಒಗ್ಗರಣೆ_ಸೌಟು (ಅರಸೀಕೆರೆ)

ತೊಳೆಯೋದು: ಕೆಲಸ ಮುಗಿದ ಕೂಡಲೇ ನಲ್ಲಿ ಕೆಳಗೆ. ಆಲೂಗೆಡ್ಡೆ ಗಂಜಿ ಒಣಗಿದರೆ ಸಂದಿನಲ್ಲಿ ಗಾರೆ ಥರ ಕೂರುತ್ತೆ. ಬ್ರಷ್ಷನ್ನು ಬ್ಲೇಡಿನ ಬೆನ್ನಿನಿಂದ ಅಂಚಿನ ಕಡೆಗೆ ಎಳೆಯಿರಿ, ಅಂಚಿಗೆ ಎದುರಾಗಿ ಅಲ್ಲ. ಸೋಪಿನ ನೀರಿನ ಬೋಗುಣಿಯಲ್ಲಿ ಬೇರೆ ಪಾತ್ರೆಗಳ ಜೊತೆ ಮುಳುಗಿಸಿಡಬೇಡಿ, ನೊರೆಯಲ್ಲಿ ಬ್ಲೇಡು ಕಾಣಲ್ಲ, ತೊಳೆಯೋಕೆ ಕೈ ಹಾಕಿದವರ ಗತಿ ಯೋಚಿಸಿ. ಕ್ಯಾರೆಟ್, ಅರಿಸಿನದ ಕಲೆ ಹತ್ತಿದ್ದರೆ ಎಣ್ಣೆ ಒರೆಸಿ ಬಿಸಿಲಿಗಿಡಿ, ಒಂದೆರಡು ದಿನದಲ್ಲಿ ತಿಳಿಯಾಗುತ್ತೆ. ಬಿಸಿಲಿನಲ್ಲೇ ಮರೆತು ಬಿಟ್ಟರೆ ಪ್ಲಾಸ್ಟಿಕ್ ಪೆಡಸಾಗುತ್ತೆ.

ಏಲಕ್ಕಿಮಲೆ (ಮೂಡಿಗೆರೆ)

ಮಳೆಗಾಲಕ್ಕೆ: ಒರೆಸಿ, ಬ್ಲೇಡಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ, ಪೇಪರಿನಲ್ಲಿ ಸುತ್ತಿಡಿ. ಉಪ್ಪಿನ ಜಾಡಿ ಇರೋ ಕಪಾಟಿನಲ್ಲಿ ಬೇಡ, ಸ್ಟೇನ್‌ಲೆಸ್ ಅಂದರೂ ಉಪ್ಪಿನ ತೇವಕ್ಕೆ ಸಣ್ಣ ಗುಳಿ ಬೀಳುತ್ತೆ. ಬ್ಲೀಚಿಂಗ್ ನೀರಿಗೂ ಹಾಗೇ.

ಹೇಮಾವತಿ_ದಂಡೆ (ಹಾಸನ)

ಓರೆ ಬ್ಲೇಡಿನ, 90 ಮಿ.ಮೀ. ಹತ್ತಿರದ ಅಗಲದ್ದು ತಗೊಳ್ಳೋದು ಅಂತ ಆಯಿತು. ಹಲ್ಲಿನ ಬ್ಲೇಡು ಮೂರು ಅಳತೆಯಲ್ಲಿ ಬರುತ್ತಂತೆ, ಕೋಸಂಬರಿಗೆ ಯಾವುದು? ಬದಲಿ ಬ್ಲೇಡು ಸಿಗದಿದ್ದರೆ?

ಸಾಣೆಕಲ್ಲು (ಚಿಕ್ಕಮಗಳೂರು)

ಕೋಸಂಬರಿಗೆ ಕ್ಯಾರೆಟ್ ಆದರೆ ಸಣ್ಣ ಹಲ್ಲಿನದು. ಸೌತೆಕಾಯಿಗೆ ನಡು ಅಳತೆಯದು, ಸಣ್ಣದರಲ್ಲಿ ನೀರು ಬಿಟ್ಟುಕೊಳ್ಳುತ್ತೆ. ದೊಡ್ಡ ಹಲ್ಲು ಫ್ರೆಂಚ್ ಫ್ರೈಗೂ ಸಾಲದು, ಪಲ್ಯಕ್ಕೂ ಜಾಸ್ತಿ, ಡಬ್ಬದಲ್ಲೇ ಇರಲಿ.

ಬದಲಿ ಬ್ಲೇಡನ್ನು ಸ್ಲೈಸರ್ ಜೊತೆಗೇ ಕೇಳಿ ತಗೊಳ್ಳಿ. ಆಮೇಲೆ ಹುಡುಕೋ ಹಾಗಾದರೆ ಮೂರು ಅಳತೆ ಬರೆದಿಟ್ಟುಕೊಂಡು ಹೋಗಿ: ಬ್ಲೇಡಿನ ಉದ್ದ, ಅಗಲ, ಎರಡು ಸ್ಕ್ರೂ ತೂತುಗಳ ನಡುವಿನ ಅಂತರ. ತೂತಿನ ಅಂತರ ಒಂದು ಮಿ.ಮೀ. ತಪ್ಪಿದರೂ ಬ್ಲೇಡು ಡೊಂಕಾಗಿ ಕೂರುತ್ತೆ. ಸ್ಕ್ರೂವನ್ನು ಪ್ಲಾಸ್ಟಿಕ್ಕಿನೊಳಗೆ ಕೈಬಿಗಿಗಿಂತ ಕಾಲು ಸುತ್ತು ಮಾತ್ರ ಹೆಚ್ಚು ಬಿಗಿಯಿರಿ. ಎಳೆ ಹೋದರೆ ಅದೇ ತೂತಿಗೆ ಮತ್ತೆ ಹಿಡಿಯಲ್ಲ.